ಮುಖ ನೋಡದವರ ನಡುವೆ ನಮ್ಮವರಾಗುವುದು

"ಮೇಡಂ, ರಾತ್ರಿ ಒಂದು ಗಂಟೆವರೆಗೂ ಕೂತು ಕೆಲಸ ಮಾಡ್ತಾನೆ. ಸಂಬಳ ಇಲ್ಲ. ಬಾಸ್ ಇಲ್ಲ. ಜೊತೆಗೆ ಕೆಲಸ ಮಾಡೋರ ಮುಖ ಕೂಡ ನೋಡಿಲ್ಲ. ಏನಾಗಿದೆ ಇವನಿಗೆ?"

ಆಪ್ತಸಮಾಲೋಚನೆಗೆ ಬರುವ ಅಪ್ಪ ಅಮ್ಮಂದಿರಿಂದ ಇಂಥ ಮಾತನ್ನು ಈಚೆಗೆ ಜಾಸ್ತಿ ಕೇಳುತ್ತಿದ್ದೇನೆ. ಗೇಮ್, ರೀಲ್ಸ್ ಬಗ್ಗೆ ದೂರು ಮೊದಲಿನಿಂದಲೂ ಇದ್ದದ್ದೇ. ಇದು ಬೇರೆ ಬಗೆಯದು. ಮಗ ವಿಕಿಪೀಡಿಯಕ್ಕೆ ಲೇಖನ ಬರೆಯುತ್ತಿರುತ್ತಾನೆ. ಇಲ್ಲವೇ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಎಲ್ಲರೂ ಸೇರಿ ಮಾಡುವ ನಕ್ಷೆ) ತನ್ನ ತಾಲ್ಲೂಕಿನ ಕೆರೆ, ಕಾಲುದಾರಿ ಗುರುತಿಸುತ್ತಿರುತ್ತಾನೆ. ಮಗಳು ಯಾವುದೋ ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಸಾಫ್ಟ್‌ವೇರ್) ಮೆನುಗಳನ್ನು ಕನ್ನಡಕ್ಕೆ ತರುತ್ತಿರುತ್ತಾಳೆ. ಹೇಳಿ ಮಾಡಿಸುವವರು ಯಾರೂ ಇಲ್ಲ. ಬಿಟ್ಟರೆ ಕೇಳುವವರೂ ಇಲ್ಲ. ಆದರೂ ಬಿಡುತ್ತಿಲ್ಲ.

ಮನೆಯವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಬಿಡಿಸುವ ಮಾತು ಆಡುವ ಮೊದಲು, ಅಲ್ಲಿ ಅವರಿಗೆ ಏನು ಸಿಗುತ್ತಿದೆ ಅನ್ನುವುದನ್ನು ನೋಡಬೇಕು ಅಲ್ವಾ? ಬಹಳ ಸಲ ಅವರಿಗೆ ಸಿಗುತ್ತಿರುವುದು ಎಲ್ಲ ಮನುಷ್ಯರಿಗೂ ಬೇಕಾದ ಒಂದು ವಿಷಯ. ಒಂದು ಗುಂಪಿಗೆ ಸೇರಿದವರು ನಾವು ಅನ್ನುವ ಭಾವ.

ಈ ಹಂಬಲದ ಬಗ್ಗೆ ಮನಃಶಾಸ್ತ್ರದಲ್ಲಿ ತುಂಬ ಕೆಲಸ ಆಗಿದೆ. 1943ರಲ್ಲಿ ಅಬ್ರಹಾಂ ಮಾಸ್ಲೊ ಮನುಷ್ಯನ ಅಗತ್ಯಗಳ ಸಾಲಿನಲ್ಲಿ ಇದನ್ನು ಊಟ, ನೀರು, ಸುರಕ್ಷತೆಯ ನಂತರ ಇಟ್ಟರು. 1995ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಮಾರ್ಕ್ ಲಿಯರಿ ಇನ್ನೂ ಮುಂದೆ ಹೋಗಿ, ಇದು ಮನುಷ್ಯನ ಮೂಲ ಅಗತ್ಯಗಳಲ್ಲೇ ಒಂದು ಎಂದು ವಾದಿಸಿದರು. ಅವರ ಪ್ರಕಾರ ಇದು ತೀರಬೇಕಾದರೆ ಎರಡು ವಿಷಯ ಬೇಕು. ಒಂದು, ಹಿತವಾದ ಒಡನಾಟ ಪದೇ ಪದೇ ಆಗುತ್ತಿರಬೇಕು. ಎರಡು, ಆ ಒಡನಾಟದ ಹಿಂದೆ ಮುಂದುವರಿಯುವ ಒಂದು ನಂಟು ಇರಬೇಕು, ಒಬ್ಬರಿಗೆ ಇನ್ನೊಬ್ಬರ ಬಗ್ಗೆ ಕಾಳಜಿ ಇರಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಹೊಟ್ಟೆ ತುಂಬುವುದಿಲ್ಲ. ದಿನಾ ಲಿಫ್ಟ್‌ನಲ್ಲಿ ಸಿಕ್ಕಿ ನಗುವ ನೆರೆಯವರಿಂದ ಮೊದಲನೆಯದು ಸಿಗುತ್ತದೆ, ಎರಡನೆಯದು ಇಲ್ಲ. ದೂರದ ದೇಶದಲ್ಲಿದ್ದು ವರ್ಷಕ್ಕೊಮ್ಮೆ ಫೋನ್ ಮಾಡುವ ಅಣ್ಣನಿಂದ ಎರಡನೆಯದು ಸಿಗುತ್ತದೆ, ಮೊದಲನೆಯದು ಇಲ್ಲ. ಈ ಎರಡು ಷರತ್ತುಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬೇಕಾಗುತ್ತವೆ.

"ಆನ್‌ಲೈನ್‌ನಲ್ಲಿ ಸಿಗೋದು ನಿಜವಾದ ನಂಟೇನಾ?" ಅನ್ನುವ ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕಿಪ್ಲಿಂಗ್ ವಿಲಿಯಮ್ಸ್ ಅನ್ನುವ ಮನಃಶಾಸ್ತ್ರಜ್ಞರು ಒಮ್ಮೆ ಪಾರ್ಕಿನಲ್ಲಿ ಕೂತಿದ್ದರು. ಅಲ್ಲಿ ಇಬ್ಬರು ಫ್ರಿಸ್ಬಿ ಆಡುತ್ತಿದ್ದರು. ಅದು ಉರುಳಿಕೊಂಡು ಇವರ ಹತ್ತಿರ ಬಂತು. ಇವರು ಎಸೆದರು. ಅವರೂ ಇವರ ಕಡೆ ಎಸೆದರು. ಹೀಗೆ ಸ್ವಲ್ಪ ಹೊತ್ತು ಮೂವರೂ ಆಡಿದರು. ಆಮೇಲೆ ಇದ್ದಕ್ಕಿದ್ದಂತೆ ಅವರಿಬ್ಬರೇ ಆಡತೊಡಗಿದರು. ಗುರುತು ಪರಿಚಯ ಇಲ್ಲದವರು, ನಾಲ್ಕು ನಿಮಿಷದ ಆಟ, ಆದರೂ ಮನಸ್ಸಿಗೆ ನೋವಾಯಿತು. ಅದನ್ನೇ ಅವರು ಕಂಪ್ಯೂಟರ್ ಆಟ ಮಾಡಿದರು. ಪರದೆಯ ಮೇಲೆ ಮೂರು ಗೊಂಬೆಗಳು, ಒಂದು ಚೆಂಡು. ಸ್ವಲ್ಪ ಹೊತ್ತಾದ ಮೇಲೆ ನಿಮಗೆ ಚೆಂಡು ಬರುವುದು ನಿಲ್ಲುತ್ತದೆ. 2000ದಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 62 ದೇಶಗಳ 1,486 ಜನ ಇಂಟರ್ನೆಟ್ ಮೂಲಕ ಭಾಗವಹಿಸಿದ್ದರು. ಚೆಂಡು ಸಿಗದವರ ಮನಸ್ಸು ಕುಗ್ಗಿತ್ತು, ಸೇರಿದ ಭಾವ ಇಳಿದಿತ್ತು. ಎದುರಿಗೆ ಆಡುತ್ತಿರುವುದು ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದರೂ ಜನರಿಗೆ ನೋವಾಗುತ್ತದೆ ಎಂದು ಮುಂದಿನ ಒಂದು ಪ್ರಯೋಗ ತೋರಿಸಿತು.

ಪರದೆಯ ಮೇಲಿನ ಗೊಂಬೆ ಚೆಂಡು ಎಸೆಯದಿದ್ದರೆ ನೋಯುವ ಮನಸ್ಸು, ಪರದೆಯ ಆಚೆಯಿಂದ ಒಬ್ಬ ಮನುಷ್ಯ ಚೆಂಡು ಎಸೆದರೆ ಖುಷಿಪಡುವುದರಲ್ಲಿ ಆಶ್ಚರ್ಯ ಏನಿದೆ?

ಈಗ ವಿಷಯಕ್ಕೆ ಬರುತ್ತೇನೆ. ಆಫೀಸಿಗೆ ಸೇರಬೇಕಾದರೆ ಇಂಟರ್‌ವ್ಯೂ. ಕ್ಲಬ್ಬಿಗೆ ಸೇರಬೇಕಾದರೆ ಫೀಸು, ಶಿಫಾರಸು. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಸೇರಬೇಕಾದರೂ ಅಡ್ಮಿನ್ ಸೇರಿಸಬೇಕು. ವಿಕಿಪೀಡಿಯದಂಥ ಯಜಮಾನರಿಲ್ಲದ ಸಂಘಟನೆಗಳಲ್ಲಿ ಹಾಗಲ್ಲ. ಅಲ್ಲಿ ಕೆಲಸವೇ ಬಾಗಿಲು. ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು, ಕನ್ನಡ ಆವೃತ್ತಿ 2003ರಲ್ಲಿ. ಅಂದಿನಿಂದ ಇಂದಿನವರೆಗೂ ಕ್ರಮ ಒಂದೇ. ನಿಮ್ಮ ಊರಿನ ಬಗ್ಗೆ ಇರುವ ಪುಟದಲ್ಲಿ ತಪ್ಪು ಕಂಡರೆ "ಸಂಪಾದಿಸಿ" ಒತ್ತಿ, ಸರಿ ಮಾಡಿ, ಉಳಿಸಿ. ಬಹಳಷ್ಟು ಪುಟಗಳಿಗೆ ಖಾತೆ ಕೂಡ ಬೇಕಿಲ್ಲ. "ನಾನು ಸೇರಬಹುದಾ?" ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಇದು ಎಷ್ಟು ದೊಡ್ಡ ವಿಷಯ ಅನ್ನುವುದು ಸಂಕೋಚದ ಜನರ ಜೊತೆ ಕೆಲಸ ಮಾಡುವ ನನ್ನಂಥವರಿಗೆ ಗೊತ್ತು. ಮಾತಾಡಿ ಪರಿಚಯ ಮಾಡಿಕೊಳ್ಳುವುದು ಕೆಲವರಿಗೆ ಬೆಟ್ಟ ಹತ್ತಿದಷ್ಟು ಕಷ್ಟ. ಅವರಿಗೆ ಮೊದಲು ಕೆಲಸ, ಆಮೇಲೆ ಪರಿಚಯ ಅನ್ನುವ ಕ್ರಮ ಹೊಂದುತ್ತದೆ. "ನಾನು ಇಂಥವನು" ಎಂದು ಹೇಳಿಕೊಳ್ಳಬೇಕಾಗಿಲ್ಲ. ಮಾಡಿದ ಕೆಲಸ ತಾನಾಗೇ ಹೇಳುತ್ತದೆ.

ಒಬ್ಬರ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿ. ಮಲೆನಾಡಿನ ಕಡೆಯವರು. ಮದುವೆಯಾಗಿ ಅಮೆರಿಕಕ್ಕೆ ಹೋದರು. ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿಲ್ಲ. ಗಂಡ ಬೆಳಿಗ್ಗೆ ಹೋದರೆ ಸಂಜೆ. ಕಾರು ಓಡಿಸಲು ಬರದಿದ್ದರೆ ಅಲ್ಲಿ ಮನೆಯಿಂದ ಹೊರಗೆ ಕಾಲಿಡುವುದೇ ಕಷ್ಟ. ವಿಡಿಯೊ ಕರೆಯಲ್ಲಿ ನನ್ನ ಜೊತೆ ಮಾತಾಡುತ್ತಿದ್ದರು. ಒಂದು ದಿನ ಸುಮ್ನೆ ಕನ್ನಡ ವಿಕಿಪೀಡಿಯದಲ್ಲಿ ತಮ್ಮ ತಾಲ್ಲೂಕಿನ ಪುಟ ನೋಡಿದ್ದಾರೆ. ಒಂದು ಹೊಳೆಯ ಹೆಸರು ತಪ್ಪಾಗಿತ್ತು. ತಿದ್ದಿದರು. ಮಾರನೆಯ ದಿನ ಎರಡು ಸಾಲು ಸೇರಿಸಿದರು. ಯಾರೋ ಒಬ್ಬರು ಬಂದು ಆ ಸಾಲುಗಳ ಕಾಗುಣಿತ ಸರಿಮಾಡಿ, ಧನ್ಯವಾದದ ಗುಂಡಿ ಒತ್ತಿ ಹೋದರು. "ನಾನು ಬರೆದದ್ದನ್ನ ಯಾರೋ ಓದಿದ್ರು ಮೇಡಂ" ಎಂದು ನನಗೆ ಹೇಳಿದರು. ಅವರ ದನಿಯಲ್ಲಿ ಆ ಉತ್ಸಾಹವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಇಲ್ಲಿ ಕೆಲಸ ಮಾಡಿದ್ದು ಏನು? ಬರೆದದ್ದರಿಂದ ಸಿಕ್ಕ ತೃಪ್ತಿ ಒಂದು ಪಾಲು. ಡೈರಿಯಲ್ಲಿ ಬರೆದಿದ್ದರೂ ಅದು ಸಿಗುತ್ತಿತ್ತು. ಡೈರಿಯಲ್ಲಿ ಸಿಗದೇ ಇದ್ದದ್ದು ಉತ್ತರ. ಅವರು ಮಾಡಿದ ಕೆಲಸ ಯಾರಿಗೋ ಬೇಕಾಗಿತ್ತು. ಅದು ಎಲ್ಲರಿಗೂ ಕಾಣುವ ಜಾಗದಲ್ಲಿ, ಅವರ ಹೆಸರಿನೊಂದಿಗೆ ಇತ್ತು. ವಿಕಿಪೀಡಿಯದ ಪ್ರತಿ ಪುಟಕ್ಕೂ "ಇತಿಹಾಸ" ಅನ್ನುವ ಒಂದು ಪುಟ ಇದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಏನು ಬದಲಿಸಿದರು ಅನ್ನುವುದು ಅಲ್ಲಿ ಸಾಲು ಸಾಲಾಗಿ ದಾಖಲಾಗಿರುತ್ತದೆ. ಖಾತೆ ತೆರೆದಿದ್ದರೆ, ಒಂದು ಅಲ್ಪವಿರಾಮ ಹಾಕಿದರೂ ನಿಮ್ಮ ಹೆಸರು ಅಲ್ಲಿರುತ್ತದೆ. ಅದನ್ನು ನೋಡಿ ಇನ್ನೊಬ್ಬರು ಪ್ರತಿಕ್ರಿಯೆ ಕೊಟ್ಟರು. ಬೇಕಾದ ಕೆಲಸ, ಕಾಣುವ ಹೆಸರು, ಬರುವ ಉತ್ತರ. ಇವು ಮೂರೂ ಕೂಡಿದಾಗ ಸೇರಿದ ಭಾವ ಹುಟ್ಟುತ್ತದೆ. ಮೂರರಲ್ಲಿ ಉತ್ತರವೇ ಮುಖ್ಯ ಎಂದು ನನ್ನ ಅನುಭವ ಹೇಳುತ್ತದೆ.

ಸಂಶೋಧನೆಯೂ ಇದನ್ನೇ ಹೇಳುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಬ್ಬರ ಕೆಲಸ ಮೆಚ್ಚಿದರೆ ಅವರ ಪುಟದಲ್ಲಿ "ಬಾರ್ನ್‌ಸ್ಟಾರ್" ಅನ್ನುವ ನಕ್ಷತ್ರದ ಚಿತ್ರ ಅಂಟಿಸುವ ರೂಢಿ ಇದೆ. ಯಾರು ಬೇಕಾದರೂ ಯಾರಿಗೆ ಬೇಕಾದರೂ ಕೊಡಬಹುದು. ದುಡ್ಡು, ಅಧಿಕಾರ ಏನೂ ಅದರ ಜೊತೆ ಬರುವುದಿಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೈಕೆಲ್ ರೆಸ್ಟಿವೊ ಮತ್ತು ಆರ್ನೌಟ್ ವಾನ್ ಡಿ ರಿಟ್, ಅತಿ ಹೆಚ್ಚು ಕೆಲಸ ಮಾಡುವ ಶೇ. 1ರಷ್ಟು ಸಂಪಾದಕರಲ್ಲಿ (ಅಲ್ಲಿ ಬರೆಯುವ, ತಿದ್ದುವ ಎಲ್ಲರನ್ನೂ ಹೀಗೇ ಕರೆಯುತ್ತಾರೆ) 200 ಜನರನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ಈ ನಕ್ಷತ್ರ ಕೊಟ್ಟರು. ಮುಂದಿನ 90 ದಿನಗಳಲ್ಲಿ ನಕ್ಷತ್ರ ಸಿಕ್ಕವರ ಕೆಲಸ ಸಿಗದವರಿಗಿಂತ ಶೇ. 60ರಷ್ಟು ಜಾಸ್ತಿ ಇತ್ತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಯಾನಾ ಗಾಲುಸ್ ಅವರು ಜರ್ಮನ್ ಭಾಷೆಯ ವಿಕಿಪೀಡಿಯದಲ್ಲಿ ಮಾಡಿದ ಪ್ರಯೋಗ. ಅದು 2017ರಲ್ಲಿ ಪ್ರಕಟವಾಯಿತು. ಅವರು ತೆಗೆದುಕೊಂಡದ್ದು ಹಳೆ ಹುಲಿಗಳನ್ನಲ್ಲ, ಸುಮಾರು 4,000 ಹೊಸಬರನ್ನು. ಹೊಸಬರಲ್ಲಿ ಕೆಲವರಿಗೆ ಒಂದು ಸಾಂಕೇತಿಕ ಮೆಚ್ಚುಗೆ ಕೊಟ್ಟರು. ಮರುತಿಂಗಳೂ ಕೆಲಸ ಮುಂದುವರಿಸಿದವರ ಪ್ರಮಾಣ ಆ ಗುಂಪಿನಲ್ಲಿ ಶೇ. 20ರಷ್ಟು ಹೆಚ್ಚಿತ್ತು. ಆ ಪರಿಣಾಮ ಒಂದು ವರ್ಷದವರೆಗೂ ಕಾಣುತ್ತಿತ್ತು. ಇನ್ನೂ ಯಾರೂ ಪರಿಚಯವಾಗದ, ಇರಲೋ ಹೋಗಲೋ ಎಂದು ಬಾಗಿಲಲ್ಲಿ ನಿಂತವರಿಗೆ "ನೀವು ಮಾಡಿದ್ದು ಕಂಡಿತು" ಅನ್ನುವ ಒಂದು ಮಾತು ವರ್ಷದವರೆಗೂ ಉಳಿಯಿತು ಎಂದಾಯಿತು.

ಇಷ್ಟು ಓದಿ, ಯಜಮಾನರಿಲ್ಲದ ಸಂಘಟನೆ ಅಂದರೆ ಸ್ವರ್ಗ ಅಂದುಕೊಳ್ಳಬೇಡಿ. ಅದರ ದೊಡ್ಡ ತೊಂದರೆ ಕೂಡ ಇದೇ ಜಾಗದಲ್ಲಿದೆ. ಉತ್ತರದಿಂದ ನಂಟು ಹುಟ್ಟುತ್ತದೆ. ಆದರೆ ಉತ್ತರ ಕೊಡುವುದು ಯಾರ ಕೆಲಸ? ಆಫೀಸಿನಲ್ಲಿ ಹೊಸಬರು ಬಂದರೆ ಸೀಟು ತೋರಿಸುವುದು, ಊಟಕ್ಕೆ ಕರೆಯುವುದು ಯಾರದೋ ಹೊಣೆ. ಇಲ್ಲಿ ಯಾರದೂ ಹೊಣೆಯಲ್ಲ. ಎಲ್ಲರೂ ಸ್ವಯಂಸೇವಕರು, ಎಲ್ಲರಿಗೂ ತಮ್ಮ ತಮ್ಮ ಕೆಲಸ ಇದೆ. ಹೊಸಬರ ಕೆಲಸಕ್ಕೆ ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಇಂಗ್ಲಿಷ್ ವಿಕಿಪೀಡಿಯದಲ್ಲೇ ಇದು ನಡೆಯಿತು. ಅದರ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ, ಆಮೇಲೆ ಇಳಿಯತೊಡಗಿತು. ಯಾಕೆ ಎಂದು ಆರನ್ ಹಾಫೇಕರ್ ಮತ್ತು ಜೊತೆಗಾರರು ಹುಡುಕಿದರು. ಅವರ ಅಧ್ಯಯನ 2013ರಲ್ಲಿ ಬಂತು. ಕಿಡಿಗೇಡಿಗಳು ಪುಟ ಹಾಳುಮಾಡದಂತೆ ತಡೆಯಲು ಹಳಬರು ವೇಗದ ಉಪಕರಣಗಳನ್ನು ಕಟ್ಟಿಕೊಂಡಿದ್ದರು. ಒಂದು ಕ್ಲಿಕ್ಕಿಗೆ ಹೊಸ ಬದಲಾವಣೆ ಮಾಯ. ಅದರಲ್ಲಿ ಒಳ್ಳೆಯ ಮನಸ್ಸಿನಿಂದ, ನಿಯಮ ಗೊತ್ತಿಲ್ಲದೆ ಬರೆದ ಹೊಸಬರ ಕೆಲಸವೂ ಕೊಚ್ಚಿಹೋಗುತ್ತಿತ್ತು. ವಿವರಣೆ ಎಂದು ಸಿಗುತ್ತಿದ್ದದ್ದು ಮೊದಲೇ ಬರೆದಿಟ್ಟ ಒಂದು ಒಣ ಸಂದೇಶ. ಮೊದಲ ಕೆಲಸವೇ ಹೀಗೆ ಅಳಿಸಿಹೋದವರು ಮರಳಿ ಬರುವುದು ಕಡಿಮೆ. ಮೊದಲ ಸಲ ಎಸೆದ ಚೆಂಡು ವಾಪಸ್ ಬರಲಿಲ್ಲ, ಅವರು ಪಾರ್ಕಿನಿಂದ ಎದ್ದುಹೋದರು.

ವಿಕಿಪೀಡಿಯದಲ್ಲಿ "ಹೊಸಬರನ್ನು ಕಚ್ಚಬೇಡಿ", "ಎದುರಿನವರ ಉದ್ದೇಶ ಒಳ್ಳೆಯದು ಎಂದೇ ನಂಬಿ ಶುರುಮಾಡಿ" ಅನ್ನುವ ಮಾರ್ಗಸೂಚಿಗಳು ಅದಕ್ಕೂ ಮೊದಲೇ ಇದ್ದವು. ಬರೀ ಮಾರ್ಗಸೂಚಿಯಿಂದ ಕೆಲಸ ಆಗಲಿಲ್ಲ. 2012ರಲ್ಲಿ ಅವರು "ಟೀಹೌಸ್" ಅನ್ನುವ ಒಂದು ಜಾಗ ತೆರೆದರು. ಹೊಸಬರು ಅಲ್ಲಿ ಎಂಥ ಸಣ್ಣ ಪ್ರಶ್ನೆಯನ್ನಾದರೂ ಕೇಳಬಹುದು. ಉತ್ತರಿಸಲು ಕೆಲವರು ಆತಿಥೇಯರಾಗಿ ತಾವೇ ಹೆಸರು ಕೊಟ್ಟಿರುತ್ತಾರೆ. ಅಲ್ಲಿಗೆ ಕರೆಸಿಕೊಂಡ ಹೊಸಬರು ಹೆಚ್ಚು ಕಾಲ ಉಳಿಯುತ್ತಾರೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಯಾರದೂ ಅಲ್ಲದ ಹೊಣೆಯನ್ನು ಕೆಲವರು ತಮ್ಮದು ಮಾಡಿಕೊಂಡರು. ಗುಂಪು ಉಳಿಯುವುದು ಇಂಥವರಿಂದ.

ಕನ್ನಡದಂಥ ಚಿಕ್ಕ ವಿಕಿಪೀಡಿಯದ ಕಥೆ ಸ್ವಲ್ಪ ಬೇರೆ. ಅಲ್ಲಿ ಎಲ್ಲರೂ ಸೇರಿ ಚರ್ಚಿಸುವ ಪುಟದ ಹೆಸರು ಅರಳಿ ಕಟ್ಟೆ. ನಿಯಮಿತವಾಗಿ ಬರೆಯುವವರು ಕಡಿಮೆ, ಹಾಗಾಗಿ ಹೊಸ ಹೆಸರು ಕಂಡರೆ ಬೇಗ ಗೊತ್ತಾಗುತ್ತದೆ. ದೊಡ್ಡ ಊರಿನಲ್ಲಿ ಸಿಗದ ಅನುಕೂಲ ಇದು. ಆದರೆ ಇಬ್ಬರು ಹಳಬರು ಮುನಿಸಿಕೊಂಡರೆ ಇಡೀ ಜಾಗದ ಹವಾ ಬದಲಾಗಿಬಿಡುತ್ತದೆ. ತುಳು ವಿಕಿಪೀಡಿಯದ ಉದಾಹರಣೆ ನನಗೆ ಇಷ್ಟ. ಹೊಸ ಭಾಷೆಯ ವಿಕಿಪೀಡಿಯ ಮೊದಲು "ಇನ್‌ಕ್ಯುಬೇಟರ್" ಅನ್ನುವ ಪರೀಕ್ಷಾ ಜಾಗದಲ್ಲಿ ಇರಬೇಕು. ಬರೆಯುವವರು ತಿಂಗಳು ತಿಂಗಳೂ ಬರುತ್ತಿದ್ದಾರೆ ಎಂದು ಖಾತ್ರಿಯಾದ ಮೇಲೆ ಮಾತ್ರ ಅದಕ್ಕೆ ಸ್ವಂತ ವಿಳಾಸ. ತುಳು ಅಲ್ಲಿ ಹಲವು ವರ್ಷ ಕಾದು, 2016ರ ಆಗಸ್ಟ್‌ನಲ್ಲಿ ಹೊರಬಂತು. ಅಷ್ಟು ವರ್ಷ ಫಲ ಕಾಣದೆಯೂ ಜನ ಬರೆಯುತ್ತ ಹೋದರು ಅಂದರೆ, ಅವರನ್ನು ಹಿಡಿದಿಟ್ಟದ್ದು ಭಾಷೆಯ ಪ್ರೀತಿ ಒಂದೇ ಅಲ್ಲ, ಜೊತೆಯಲ್ಲಿ ಬರೆಯುವವರೂ ಹೌದು ಎಂದು ನಾನು ನಂಬುತ್ತೇನೆ.

ಇನ್ನೊಂದು ತೊಡಕು ಹೇಳಬೇಕು. "ನಮ್ಮಲ್ಲಿ ದೊಡ್ಡವರು ಚಿಕ್ಕವರು ಇಲ್ಲ, ಎಲ್ಲರೂ ಸಮಾನರು" ಎಂದು ಹೇಳುವ ಗುಂಪುಗಳಲ್ಲೂ ಯಾರ ಮಾತು ನಡೆಯುತ್ತದೆ ಅನ್ನುವುದು ಹಳಬರಿಗೆ ಗೊತ್ತಿರುತ್ತದೆ. ಹೊಸಬರಿಗೆ ಗೊತ್ತಿರುವುದಿಲ್ಲ. ಬರೆದಿಡದ ನಿಯಮಗಳನ್ನು ಎಡವಿ ಬಿದ್ದೇ ಕಲಿಯಬೇಕು. ನನ್ನ ಬಳಿ ಬಂದ ಒಬ್ಬ ಹುಡುಗನಿಗೆ ಅವನ ಗುಂಪಿನಲ್ಲಿ ಆದದ್ದು ಇದೇ. ಎಲ್ಲರೂ ನೋಡುವ ಜಾಗದಲ್ಲಿ ಒಂದು ಪ್ರಶ್ನೆ ಕೇಳಿದ. ಅದನ್ನು ಕೇಳಬಾರದಿತ್ತಂತೆ. ಯಾರೂ ಬೈಯಲಿಲ್ಲ, ಯಾರೂ ಉತ್ತರಿಸಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನು ಹೇಳಿದ.

ಅದಕ್ಕೇ ನನಗೆ ಡೆಬಿಯನ್‌ನ ಕ್ರಮ ಹಿಡಿಸುತ್ತದೆ. ಡೆಬಿಯನ್ ಅಂದರೆ ಲಿನಕ್ಸ್ ಆಧಾರದ ಒಂದು ಮುಕ್ತ ಕಾರ್ಯಾಚರಣಾ ವ್ಯವಸ್ಥೆ, ವಿಂಡೋಸ್ ಹಾಗೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. 1993ರಲ್ಲಿ ಇಯಾನ್ ಮರ್ಡಾಕ್ ಶುರುಮಾಡಿದ್ದು. ಈಗ ಬೇರೆ ಬೇರೆ ದೇಶಗಳ ಸುಮಾರು ಸಾವಿರ ಡೆವಲಪರ್‌ಗಳು ಅದನ್ನು ನಡೆಸುತ್ತಾರೆ. ಕಂಪನಿ ಇಲ್ಲ, ಒಡೆಯರಿಲ್ಲ. ಆದರೆ 1998ರಿಂದ ಅದಕ್ಕೆ ಬರೆದಿಟ್ಟ ಸಂವಿಧಾನ ಇದೆ. ವರ್ಷಕ್ಕೊಮ್ಮೆ ಮತ ಹಾಕಿ ನಾಯಕರನ್ನು ಆರಿಸುತ್ತಾರೆ. ಆ ನಾಯಕರು ಏನು ಮಾಡಬಹುದು, ಏನು ಮಾಡುವ ಹಾಗಿಲ್ಲ ಅನ್ನುವುದೂ ಅದರಲ್ಲಿದೆ. ಕೆಲಸ ಮಾಡುವವರೇ ಆ ಕೆಲಸದ ಬಗ್ಗೆ ತೀರ್ಮಾನ ಮಾಡುತ್ತಾರೆ. ಬರೆದ ನಿಯಮ ನೋಡಲು ಒರಟು. ಆದರೆ ಯಾರ ಗುರುತೂ ಇಲ್ಲದೆ ಒಳಗೆ ಬಂದವರಿಗೆ ಅದೇ ಆಸರೆ.

ಡೆಬಿಯನ್‌ನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ವಿಷಯ. ಅಲ್ಲಿ ಪ್ರತಿಯೊಂದು ತಂತ್ರಾಂಶವನ್ನೂ ನೋಡಿಕೊಳ್ಳುವ ವ್ಯಕ್ತಿಯ ಅಥವಾ ತಂಡದ ಹೆಸರು ಅದರ ಜೊತೆಗೇ ಇರುತ್ತದೆ. ಒಬ್ಬರು ತಿಂಗಳುಗಟ್ಟಲೆ ಕಾಣದಿದ್ದರೆ ಅವರನ್ನು ಹುಡುಕಲೆಂದೇ ಸ್ವಯಂಸೇವಕರ ಒಂದು ತಂಡ ಇದೆ. ಯುದ್ಧದಲ್ಲಿ ಕಾಣೆಯಾದ ಸೈನಿಕರಿಗೆ ಹೇಳುವ ಹಾಗೆ "ಎಂಐಎ" ತಂಡ ಎಂದು ಅದನ್ನು ಕರೆಯುತ್ತಾರೆ. ಅವರು ಪತ್ರ ಬರೆಯುತ್ತಾರೆ: ಇನ್ನೂ ಇದ್ದೀರಾ, ಈ ಕೆಲಸ ಮುಂದುವರಿಸುತ್ತೀರಾ, ಬೇರೆಯವರಿಗೆ ಕೊಡೋಣವೇ? ರಜೆ ಹೋಗುವವರು ಮೊದಲೇ ತಮ್ಮ ಒಳಗಿನ ಇಮೇಲ್ ಪಟ್ಟಿಗೆ ಒಂದು ಸಂದೇಶ ಹಾಕಿ ಹೋಗುವ ರೂಢಿಯೂ ಇದೆ. ತಂತ್ರಾಂಶಗಳು ಅನಾಥವಾಗದಿರಲಿ ಎಂದು ಮಾಡಿದ ವ್ಯವಸ್ಥೆ ಇದು. ಆದರೆ ನನ್ನ ಕುರ್ಚಿಯಿಂದ ನೋಡಿದರೆ ಇದರಲ್ಲಿ ಬೌಮೈಸ್ಟರ್, ಲಿಯರಿ ಹೇಳಿದ ಎರಡನೆಯ ಷರತ್ತು ಕಾಣುತ್ತದೆ. ನೀವು ಇಲ್ಲದಿರುವುದು ಒಬ್ಬರಿಗೆ ಗೊತ್ತಾಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲೂ ಹೇಳದೆ ಕೇಳದೆ ಕಾಣೆಯಾದ ಹಳೆಯ ಸಂಪಾದಕರ ಹೆಸರು ಬರೆದಿಡುವ ಒಂದು ಪುಟ ಇದೆ. ತೀರಿಹೋದವರನ್ನು ನೆನೆಯುವ ಪುಟವೂ ಇದೆ.

ಮದ್ಯಪಾನ ಬಿಡಲು ಹೊರಟವರಿಗೆ ನಾನು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳ ಬಗ್ಗೆ ಹೇಳುವುದೂ ಈ ಕಾರಣಕ್ಕೇ. 1935ರಲ್ಲಿ ಅಮೆರಿಕದ ಓಹಾಯೊದ ಆಕ್ರನ್‌ನಲ್ಲಿ ಶುರುವಾದ ಆ ಸಂಘಟನೆಯಲ್ಲಿ ಪ್ರತಿ ಗುಂಪೂ ಸ್ವತಂತ್ರ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು, ಸದಸ್ಯರಾದ ಹಾಗೆ. 2020ರ ಲಾಕ್‌ಡೌನ್‌ನಲ್ಲಿ ಸಭೆಗಳು ಆನ್‌ಲೈನ್‌ಗೆ ಹೋದವು. ಆಮೇಲೂ ಹಲವು ಅಲ್ಲೇ ಉಳಿದವು. ಗಲ್ಫ್‌ನಲ್ಲಿ ಕೆಲಸ ಮಾಡುವ ಒಬ್ಬರು ತಮ್ಮ ರೂಮಿನಿಂದಲೇ ಸಭೆಗೆ ಸೇರುತ್ತಾರೆ. ಅವರು ಒಂದು ವಾರ ಬರದಿದ್ದರೆ ಅವರ ಸ್ಪಾನ್ಸರ್, ಅಂದರೆ ಕೈಹಿಡಿದು ನಡೆಸುವ ಹಳೆಯ ಸದಸ್ಯರು, ಮೆಸೇಜ್ ಮಾಡುತ್ತಾರೆ. ಅವರಿಬ್ಬರೂ ಇನ್ನೂ ಎದುರಾಬದುರು ಭೇಟಿಯಾಗಿಲ್ಲ.

ಸೇರಿದ ಭಾವ ಎಲ್ಲಿ ಉಳಿಯುವುದಿಲ್ಲ ಅನ್ನುವುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. 2021ರ ನವೆಂಬರ್‌ನಲ್ಲಿ ಕ್ರಿಪ್ಟೊ ಹಣ ಇಟ್ಟುಕೊಂಡಿದ್ದ ಕೆಲವರು "ಕಾನ್‌ಸ್ಟಿಟ್ಯೂಷನ್‌ಡಾವೊ" ಅನ್ನುವ ಗುಂಪು ಕಟ್ಟಿದರು. ಅಮೆರಿಕ ಸಂವಿಧಾನದ ಮೊದಲ ಮುದ್ರಣದ ಒಂದು ಪ್ರತಿಯನ್ನು ಸೋದಬೀಸ್ ಹರಾಜಿನಲ್ಲಿ ಎಲ್ಲರೂ ಸೇರಿ ಕೊಳ್ಳುವುದು ಅವರ ಗುರಿ. ಒಂದು ವಾರದೊಳಗೆ 17,000ಕ್ಕೂ ಹೆಚ್ಚು ಜನ ಸೇರಿ ಸುಮಾರು 4.7 ಕೋಟಿ ಡಾಲರ್ ಕೂಡಿಸಿದರು. ಆ ವಾರ ಅವರಲ್ಲಿದ್ದ ಒಗ್ಗಟ್ಟು, ಹುರುಪು ನಿಜವಾದದ್ದೇ. ನವೆಂಬರ್ 18ರಂದು ಹರಾಜು ನಡೆಯಿತು. ಹೂಡಿಕೆದಾರ ಕೆನ್ ಗ್ರಿಫಿನ್ ಅದನ್ನು ಕೊಂಡರು. ಗುಂಪು ಸೋತಿತು, ಕೆಲವೇ ದಿನಗಳಲ್ಲಿ ಮುಚ್ಚುವ ತೀರ್ಮಾನವಾಯಿತು. ಸಣ್ಣ ಮೊತ್ತ ಕೊಟ್ಟವರಿಗೆ ಹಣ ವಾಪಸ್ ಪಡೆಯುವ ಶುಲ್ಕವೇ ಹೊರೆಯಾಯಿತು. ಅಲ್ಲಿ ಒಳಗೆ ಬರುವ ಬಾಗಿಲು ದುಡ್ಡಾಗಿತ್ತು. ಕೊಟ್ಟ ಮೇಲೆ ಬಹಳಷ್ಟು ಜನರಿಗೆ ಮಾಡಲು ಏನೂ ಇರಲಿಲ್ಲ, ಹರಾಜು ನೋಡುವುದು ಬಿಟ್ಟು. ನಾಳೆ ಬೆಳಿಗ್ಗೆ ಮಾಡಬೇಕಾದ ಸಣ್ಣ ಕೆಲಸ ಇಲ್ಲದ ಕಡೆ ನಂಟು ಬೇರು ಬಿಡುವುದು ಕಷ್ಟ. ಇಂಥ ವಿಕೇಂದ್ರೀಕೃತ ಗುಂಪುಗಳು ಈಗ ಬೇಕಾದಷ್ಟಿವೆ. ಟೋಕನ್ (ಗುಂಪಿನ ಡಿಜಿಟಲ್ ನಾಣ್ಯ) ಕೊಂಡರೆ ನೀವು ನಮ್ಮವರು ಎಂದು ಯಾರಾದರೂ ಹೇಳಿದರೆ, ಕೊಂಡ ಮರುದಿನ ನಾನು ಅಲ್ಲಿ ಏನು ಮಾಡುತ್ತೇನೆ ಎಂದು ಕೇಳಿಕೊಳ್ಳಿ.

ಸೇರುವ ಹಂಬಲವನ್ನು ಬಳಸಿಕೊಳ್ಳುವ ಕೆಟ್ಟ ಗುಂಪುಗಳೂ ಇವೆ. ಹೂಡಿಕೆ ಹೆಸರಿನ ಟೆಲಿಗ್ರಾಂ ಗುಂಪುಗಳು, ದ್ವೇಷ ಕಲಿಸುವ ಗುಂಪುಗಳು. ಅಲ್ಲಿಯೂ ಬೇಗ ಉತ್ತರ ಬರುತ್ತದೆ. ನಿಜ ಹೇಳಬೇಕೆಂದರೆ ಒಳ್ಳೆಯ ಗುಂಪುಗಳಿಗಿಂತ ಬೇಗ ಬರುತ್ತದೆ. ವ್ಯತ್ಯಾಸ ಗೊತ್ತಾಗುವುದು ನೀವು ಒಪ್ಪದೇ ಇದ್ದಾಗ, ಅಥವಾ ಬಿಟ್ಟು ಹೊರಟಾಗ. 2002ರಲ್ಲಿ ಸ್ಪ್ಯಾನಿಷ್ ವಿಕಿಪೀಡಿಯದ ಸಂಪಾದಕರಲ್ಲಿ ಹೆಚ್ಚಿನವರು, ಮುಂದೆ ಜಾಹೀರಾತು ಹಾಕುತ್ತಾರೆ ಅನ್ನುವ ಆತಂಕದಿಂದ ಹೊರಗೆ ಹೋದರು. ಬರೆದದ್ದನ್ನೆಲ್ಲ ನಕಲು ಮಾಡಿಕೊಂಡು ಹೋಗಿ ಬೇರೆ ವಿಶ್ವಕೋಶ ಶುರುಮಾಡಿದರು. ಯಾರೂ ತಡೆಯುವ ಹಾಗಿರಲಿಲ್ಲ. ಅಲ್ಲಿನ ಬರಹದ ಮುಕ್ತ ಪರವಾನಗಿಯೇ ಅದಕ್ಕೆ ಅವಕಾಶ ಕೊಟ್ಟಿತ್ತು. ವಿಕಿಪೀಡಿಯದಲ್ಲಿ ಇವತ್ತಿಗೂ ಜಾಹೀರಾತು ಇಲ್ಲ. ಜಗಳವಾಡಿ, ತನ್ನ ಪಾಲಿನ ಕೆಲಸ ತೆಗೆದುಕೊಂಡು ಹೊರಡುವ ಹಕ್ಕು ಇರುವ ಕಡೆ ಇರುವುದು ಬಂಧನ ಆಗುವುದಿಲ್ಲ.

ಹಾಗಾದರೆ ಮನೆಯವರು ಏನು ಮಾಡಬೇಕು? ನಾನು ಮೊದಲು ಗಂಟೆಗಳ ಲೆಕ್ಕ ಕೇಳುವುದಿಲ್ಲ. "ಅಲ್ಲಿ ನಿನ್ನ ಕೆಲಸಕ್ಕೆ ಉತ್ತರ ಕೊಡೋರು ಯಾರು? ಹೆಸರು ಹೇಳು" ಎಂದು ಕೇಳುತ್ತೇನೆ. ನಾಲ್ಕೈದು ಹೆಸರು, ಅವರ ಊರು, ಅವರ ಸ್ವಭಾವ ಹೇಳಿದರೆ ಅಲ್ಲಿ ನಂಟು ಇದೆ. ಯಾವ ಹೆಸರೂ ಬರದೆ, ಬರೀ ಲೈಕ್, ಅಂಕ, ಸ್ಥಾನಗಳ ಮಾತು ಬಂದರೆ ಅದು ಬೇರೆ. ಆಮೇಲೆ ನಿದ್ದೆ, ಊಟ, ಓದು ಅಥವಾ ಉದ್ಯೋಗ ಹೇಗಿದೆ ಎಂದು ನೋಡುತ್ತೇನೆ. ನಿದ್ದೆ ಹೋಗಿದ್ದರೆ ಅದನ್ನು ಸರಿಮಾಡಲೇಬೇಕು, ಕೆಲಸ ಎಷ್ಟೇ ಒಳ್ಳೆಯದಿರಲಿ. "ಇವತ್ತು ಮಾಡದಿದ್ದರೆ ಏನಾಗುತ್ತೆ?" ಅನ್ನುವ ಪ್ರಶ್ನೆಗೆ "ಏನೂ ಆಗಲ್ಲ, ನಾಳೆ ಮಾಡ್ತೀನಿ" ಅಂದರೆ ನೆಮ್ಮದಿ. "ನಾನಿಲ್ಲದಿದ್ದರೆ ಎಲ್ಲ ನಿಂತುಹೋಗುತ್ತೆ" ಅಂದರೆ ಆ ಹೊರೆಯ ಬಗ್ಗೆ ಕೂತು ಮಾತಾಡಬೇಕು.

ಒಂದು ಕೊರತೆಯನ್ನು ಯಾವ ಆನ್‌ಲೈನ್ ಗುಂಪೂ ಸುಲಭವಾಗಿ ತುಂಬಲಾರದು. ಜ್ವರ ಬಂದು ಮಲಗಿದಾಗ ಗಂಜಿ ಮಾಡಿಕೊಡುವವರು ಹತ್ತಿರದಲ್ಲೇ ಇರಬೇಕು. ಹಾಗಾಗಿ ನೆರೆಯಲ್ಲಿ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ ಎಂದು ಹೇಳುತ್ತೇನೆ. ಈ ಸಂಘಟನೆಗಳಿಗೂ ಇದು ಗೊತ್ತು. ಡೆಬಿಯನ್ ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ಸಮ್ಮೇಳನ ಮಾಡುತ್ತದೆ. 2023ರಲ್ಲಿ ಅದು ಕೊಚ್ಚಿಯಲ್ಲಿ ನಡೆಯಿತು. ಡೆಬಿಯನ್‌ನಲ್ಲಿ ಡೆವಲಪರ್ ಆಗಬೇಕಾದರೆ ಹಳಬರು ನಿಮ್ಮ ಡಿಜಿಟಲ್ ಕೀಲಿಗೆ, ಅಂದರೆ ಆನ್‌ಲೈನ್‌ನಲ್ಲಿ ನೀವು ನೀವೇ ಎಂದು ತೋರಿಸುವ ಗುರುತಿಗೆ, ಸಹಿ ಹಾಕಬೇಕು. ಅದಕ್ಕೆ ಸಾಮಾನ್ಯವಾಗಿ ಗುರುತಿನ ಚೀಟಿ ಹಿಡಿದು ಎದುರೆದುರು ಸಿಗುತ್ತಾರೆ. ಕನ್ನಡ ವಿಕಿಪೀಡಿಯದವರು ಸಂಪಾದನೋತ್ಸವ, ಅಂದರೆ ಒಟ್ಟಿಗೆ ಕೂತು ಲೇಖನ ಬರೆಯುವ ಕಾರ್ಯಕ್ರಮ, ಮಾಡುತ್ತಾರೆ. ಇಂಥದ್ದು ನಿಮ್ಮ ಊರಿನ ಹತ್ತಿರ ನಡೆದರೆ ಮಗನನ್ನೋ ಮಗಳನ್ನೋ ಕಳಿಸಿ. ಆದರೆ ನೀವೂ ಜೊತೆಗೆ ಹೋಗಿ. ಆ ಹೆಸರುಗಳ ಹಿಂದಿನ ಮುಖ ನೋಡಿದ ಮೇಲೆ ಬಹಳಷ್ಟು ಅಪ್ಪ ಅಮ್ಮಂದಿರ ಭಯ ಕಡಿಮೆಯಾದದ್ದನ್ನು ನಾನು ಕಂಡಿದ್ದೇನೆ.

ನೀವೇ ಇಂಥ ಗುಂಪಿನಲ್ಲಿ ಹಳಬರಾಗಿದ್ದರೆ ನಿಮಗೆ ಒಂದು ಕೋರಿಕೆ. ಹೊಸಬರ ಕೆಲಸವನ್ನು ಅಳಿಸಲೇಬೇಕಾಗಿ ಬಂದರೆ ಅಳಿಸಿ. ಆದರೆ ಅವರ ಚರ್ಚೆ ಪುಟದಲ್ಲಿ ನಿಮ್ಮದೇ ಮಾತಿನಲ್ಲಿ ಎರಡು ಸಾಲು ಬರೆಯಿರಿ. ಯಾಕೆ ಅಳಿಸಿದಿರಿ, ಹೇಗೆ ಬರೆದಿದ್ದರೆ ಉಳಿಯುತ್ತಿತ್ತು ಎಂದು. ಸಿದ್ಧ ಸಂದೇಶ ಅಂಟಿಸಬೇಡಿ. ಆ ಕಡೆ ಇರುವವರು ಯಾವ ಊರಿನ ಯಾವ ಒಂಟಿ ಕೋಣೆಯಲ್ಲಿ ಕೂತಿದ್ದಾರೋ ನಿಮಗೆ ಗೊತ್ತಿಲ್ಲ.

ಕೊನೆಗೆ ಬಿಡುವ ವಿಷಯ. ಮದುವೆ, ಮಗು, ಹೊಸ ಕೆಲಸ, ಕಾಯಿಲೆ, ಏನೋ ಒಂದು ಬರುತ್ತದೆ, ಬಿಡಬೇಕಾಗುತ್ತದೆ. ಬಹಳ ಜನ ಸುಮ್ಮನೆ ಕಾಣೆಯಾಗುತ್ತಾರೆ. ಆಮೇಲೆ ಮರಳಲು ನಾಚಿಕೆ, ವರ್ಷಗಟ್ಟಲೆ ಒಳಗೊಳಗೇ ಕೊರಗು. ಹೀಗೆ ಕೊರಗುವವರು ನನ್ನ ಬಳಿ ಬಂದಿದ್ದಾರೆ. ಅವರಿಗೆ ನಾನು ಹೇಳುವುದು, ತಡವಾಗಿದ್ದರೂ ಒಂದು ಪತ್ರ ಬರೆಯಿರಿ ಎಂದು. ಕಾರಣ ಪೂರ್ತಿ ಹೇಳಬೇಕಾಗಿಲ್ಲ. ಈಗ ಆಗುತ್ತಿಲ್ಲ, ನನ್ನ ಕೈಯಲ್ಲಿದ್ದ ಇಂಥಿಂಥ ಕೆಲಸ ಬೇರೆಯವರು ತೆಗೆದುಕೊಳ್ಳಲಿ, ಇಷ್ಟು ಸಾಕು. ಡೆಬಿಯನ್‌ನಲ್ಲಿ ಹೀಗೆ ಹೇಳಿ ಹೋದವರ ಖಾತೆಯನ್ನು "ಎಮೆರಿಟಸ್" (ಗೌರವದಿಂದ ನಿವೃತ್ತರು) ಎಂದು ಗುರುತಿಸುತ್ತಾರೆ, ಹೇಳದೆ ಹೋದವರದನ್ನು "ತೆಗೆಯಲಾಗಿದೆ" ಎಂದು. ಹೇಳಿ ಹೋದವರು ಮುಂದೆ ಯಾವಾಗಲಾದರೂ ಬರಬೇಕು ಅಂದುಕೊಂಡರೆ, ಹೊಸಬರಿಗಿರುವ ಉದ್ದದ ಪರೀಕ್ಷೆ ಇಲ್ಲ. ಒಂದು ಚಿಕ್ಕ ಪ್ರಕ್ರಿಯೆ ಮುಗಿಸಿ ಮತ್ತೆ ಕೆಲಸಕ್ಕೆ ಕೂರಬಹುದು.